ಮಂಡಿ ನೋವಿನ ಇಂಜೆಕ್ಷನ್‌ಗಳು: ದುಡ್ಡು ಏರಿದಷ್ಟೂ ಪುರಾವೆ ಇಳಿಯುತ್ತದೆ

ಮಂಡಿ ಸವೆತಕ್ಕೆ ಕೊಡುವ ಇಂಜೆಕ್ಷನ್‌ಗಳಲ್ಲಿ ಮೂರು ಥರದ್ದನ್ನು ನಾನು ಹಾಕಿಸಿಕೊಂಡಿದ್ದೇನೆ: ಸ್ಟೀರಾಯ್ಡ್, ಜೆಲ್, ಪಿಆರ್‌ಪಿ (ನಮ್ಮದೇ ರಕ್ತದಿಂದ ತಯಾರಿಸುವುದು). ನಾಲ್ಕನೆಯದು ಸ್ಟೆಮ್ ಸೆಲ್, ಅಂದರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಅದರ ತಂಟೆಗೆ ಹೋಗಿಲ್ಲ, ಹೋಗುವುದೂ ಇಲ್ಲ. ಯಾವುದು ಒಳ್ಳೆಯದು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಒಂದೇ ಕಡೆ ಬರೆದುಬಿಡೋಣ ಅನ್ನಿಸಿತು. ನನಗೆ ಕಂಡದ್ದು ಇಷ್ಟು: ಇವನ್ನು ಬೆಲೆ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಎಲ್ಲಕ್ಕಿಂತ ಅಗ್ಗದ್ದಕ್ಕೆ ಪುರಾವೆ ಜಾಸ್ತಿ, ಎಲ್ಲಕ್ಕಿಂತ ದುಬಾರಿಯದಕ್ಕೆ ಬರೀ ಮಾತು ಜಾಸ್ತಿ.

ಮೊದಲೇ ಹೇಳಿಬಿಡುತ್ತೇನೆ. ಸವೆದುಹೋದ ಕಾರ್ಟಿಲೇಜನ್ನು (ಮೂಳೆ ತುದಿಯ ನುಣುಪಾದ ಹೊದಿಕೆ) ಮತ್ತೆ ಮೊದಲಿನ ಹಾಗೆ ಮಾಡುವ ಸೂಜಿ ಈ ನಾಲ್ಕರಲ್ಲಿ ಒಂದೂ ಇಲ್ಲ. ಇನ್ನೊಂದು ವಿಷಯ, ಕಾರ್ಟಿಲೇಜ್‌ಗೆ ನರವೇ ಇಲ್ಲ. ನೋಯುವುದು ಕೀಲಿನ ಒಳಪದರ, ಅಡಿಯಲ್ಲಿರುವ ಮೂಳೆ, ಸುತ್ತಲಿನ ಭಾಗ. ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಗ್ಯಾಪ್ ಪೂರ್ತಿ ಹೋದವರು ಆರಾಮಾಗಿ ಓಡಾಡುವುದು, ಸ್ವಲ್ಪ ಸವೆದವರು ಮೆಟ್ಟಿಲ ಮುಂದೆ ನಿಂತು ಅಳುವಂತಾಗುವುದು, ಎರಡೂ ಇದಕ್ಕೇ. ಹಾಗಾಗಿ ಎಕ್ಸ್‌ರೇ ತೋರಿಸಿ ಹೆದರಿಸುವವರ ಮಾತನ್ನು ಅದರ ಉಪ್ಪು-ಖಾರ ಕಳೆದೇ ಕೇಳಿ.

ಸ್ಟೀರಾಯ್ಡ್. ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್, ಮಂಡಿಗೆ ಸಾಮಾನ್ಯವಾಗಿ 40 ಮಿಲಿಗ್ರಾಂ. ಜೊತೆಗೆ ಎಷ್ಟೋ ಸಲ ಮರಗಟ್ಟಿಸುವ ಲಿಡೊಕೇನ್ ಬೆರೆಸುತ್ತಾರೆ. ನೋಯುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನನ್ನನ್ನು ಮಲಗಿಸಿ ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟರು. ಚಿಪ್ಪನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ, ಅದರ ಅಡಿಯ ಸಂದಿ ಹುಡುಕಿ, ಪೆನ್ನಿನ ಹಿಂಭಾಗ ಒತ್ತಿ ಗುರುತು ಮಾಡಿದರು. ಬೆಟಾಡಿನ್ ಹಚ್ಚಿದ ಮೇಲೂ ಆ ಪುಟ್ಟ ತಗ್ಗು ಕಾಣುತ್ತಿತ್ತು. "ತೊಡೆ ಬಿಗಿ ಹಿಡೀಬೇಡಿ" ಅಂದರು. ಬಿಗಿ ಹಿಡಿದರೆ ಚಿಪ್ಪು ಸರಿಯುವುದಿಲ್ಲ, ಸೂಜಿಗೆ ಜಾಗ ಸಿಗುವುದಿಲ್ಲ, ಆಗಲೇ ನಿಜವಾಗಿ ನೋಯುವುದು. ಮೊದಲು ಖಾಲಿ ಸಿರಿಂಜಿನಿಂದ ಒಳಗೆ ತುಂಬಿದ್ದ ನೀರು ಎಳೆದರು, ತಿಳಿ ಹಳದಿ ಬಣ್ಣ, ಸ್ವಲ್ಪ ಅಂಟಂಟು. ಸೂಜಿ ಅಲ್ಲೇ ಬಿಟ್ಟು ಸಿರಿಂಜ್ ಮಾತ್ರ ಬದಲಿಸಿ ಔಷಧಿ ತಳ್ಳಿದರು. ನಿಜ ಹೇಳಬೇಕೆಂದರೆ ನೀರು ತೆಗೆದಾಗಲೇ ಅರ್ಧ ಆರಾಮಾಯಿತು.

ಅವತ್ತು ಸಂಜೆ ಖುಷಿ, ರಾತ್ರಿ ಗೋಳು. ಸಂಜೆಯ ಖುಷಿ ಲಿಡೊಕೇನ್‌ದು, ಅದು ಕೆಲವೇ ಗಂಟೆ ಇರುವುದು. ಅದು ಇಳಿದ ಮೇಲೆ ಒಂದೆರಡು ದಿನ ನೋವು ಮೊದಲಿಗಿಂತ ಜಾಸ್ತಿಯಾಗುವುದು ಕೆಲವರಿಗೆ ಇದ್ದದ್ದೇ, ಐಸ್ ಇಟ್ಟುಕೊಂಡು ಸುಮ್ನೆ ಕೂತರೆ ಸಾಕು. ನಿಜವಾದ ಪರಿಣಾಮ ಆಮೇಲೆ ಶುರುವಾಗುತ್ತದೆ. ಮುಖ ಕೆಂಪಾಗಿ ಬಿಸಿಯೇರಿದಂತೆ ಆದರೂ ಗಾಬರಿ ಬೇಡ. ಶುಗರ್ ಇರುವವರು ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಾಕಿಸಿಕೊಂಡ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ಮೊದಲೇ ಡಾಕ್ಟರಿಗೆ ಹೇಳಿ, ಮನೆಯಲ್ಲಿ ಆಗಾಗ ಚೆಕ್ ಮಾಡಿಕೊಳ್ಳಿ.

ಎಷ್ಟು ಕಾಲ ಬರುತ್ತದೆ? ಯಾವ ಚಿಕಿತ್ಸೆ ಕೊಡಬೇಕು ಅಂತ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ನೇರವಾಗಿ 2ರಿಂದ 10 ವಾರ ಅನ್ನುತ್ತದೆ. ನನ್ನ ಅನುಭವವೂ ಅದರ ಒಳಗೇ. ಯಾರಾದರೂ ಒಂದು ವರ್ಷ ಬರುತ್ತದೆ ಅಂದರೆ ನಂಬಬೇಡಿ. ಪರಿಣಾಮ ಹೋದ ಕೂಡಲೇ ಮತ್ತೆ ಹಾಕಿಸೋಣ ಅನ್ನುವುದೂ ಸರಿಯಲ್ಲ. 2017ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 140 ಜನರಿಗೆ ಎರಡು ವರ್ಷ, ಮೂರು ತಿಂಗಳಿಗೊಮ್ಮೆ, ಕೆಲವರಿಗೆ ಟ್ರಯಾಮ್ಸಿನೊಲೋನ್, ಕೆಲವರಿಗೆ ಔಷಧಿಯಿಲ್ಲದ ಬರೀ ಉಪ್ಪುನೀರು ಹಾಕಿ ನೋಡಿದರು. ಕೊನೆಗೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಆದರೆ ಸ್ಟೀರಾಯ್ಡ್ ಪಡೆದವರ ಕಾರ್ಟಿಲೇಜ್ ಜಾಸ್ತಿ ಸವೆದಿತ್ತು. ಅಂದರೆ ಇದು ಕೈ ಮೀರಿ ನೋವು, ಊತ ಬಂದಾಗ ಒಮ್ಮೆ ಬಳಸುವ ಸಾಧನ, ಕ್ಯಾಲೆಂಡರ್ ನೋಡಿ ಹಾಕಿಸಿಕೊಳ್ಳುವಂಥದ್ದಲ್ಲ. ಹಾಗೆ ಬಳಸಿದರೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಜೆಲ್ ಇಂಜೆಕ್ಷನ್‌ಗೆ ಎರಡು, ಅದೂ ದಾಕ್ಷಿಣ್ಯಕ್ಕೆ. ಇದರಲ್ಲಿ ಇರುವುದು ಹಯಲುರಾನಿಕ್ ಆ್ಯಸಿಡ್, ನಮ್ಮ ಕೀಲಿನ ದ್ರವದಲ್ಲಿ ಇರುವಂಥದ್ದೇ. ಮೊದಲು ಇದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು, ಈಗ ಬ್ಯಾಕ್ಟೀರಿಯಾ ಬೆಳೆಸಿ ತೆಗೆಯುವುದೂ ಇದೆ. ವಾರಕ್ಕೊಂದರಂತೆ ಮೂರು ಅಥವಾ ಐದು ಸಲ ಹಾಕುವ ಬ್ರ್ಯಾಂಡ್‌ಗಳಿವೆ, ಒಂದೇ ಸಲ 6 ಮಿಲೀ ಹಾಕಿ ಮುಗಿಸುವುದೂ ಇದೆ. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ ಹಾಗೆ ಅಂತ ವಿವರಿಸುತ್ತಾರೆ, ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ! ಆದರೆ ಒಳಗೆ ಹಾಕಿದ ಜೆಲ್ ತಿಂಗಳುಗಟ್ಟಲೆ ಅಲ್ಲಿ ಕೂತಿರುವುದಿಲ್ಲ, ದೇಹ ಅದನ್ನು ಬೇಗ ಹೊರಹಾಕುತ್ತದೆ. 2022ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ಉಪ್ಪುನೀರಿಗಿಂತ ಸ್ವಲ್ಪ ಮೇಲು, ಆದರೆ ರೋಗಿಗೆ ಗೊತ್ತಾಗುವಷ್ಟಲ್ಲ ಅಂತ ಬಂತು. ನೈಸ್ ಇದನ್ನು ಕೊಡಲೇಬೇಡಿ ಅನ್ನುತ್ತದೆ. ಎಲ್ಲ ಸಂಸ್ಥೆಗಳೂ ಇಷ್ಟು ಖಡಕ್ಕಾಗಿ ಹೇಳಿಲ್ಲ, ಕೆಲವು ಅರೆಮನಸ್ಸಿನಿಂದ ಒಪ್ಪಿಕೊಂಡಿವೆ. ಸ್ಟೀರಾಯ್ಡ್ ಆಗದವರಿಗೆ ಒಂದು ಸಲ ನೋಡಬಹುದು ಅಂತ ಡಾಕ್ಟರ್ ಹೇಳಿದರೆ ಜಗಳಕ್ಕೆ ಹೋಗುವುದಿಲ್ಲ. ನನಗೆ ಹಾಕಿಸಿಕೊಂಡದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಪಿಆರ್‌ಪಿ ನೋಡಲು ಮಾತ್ರ ಭಾರೀ ಚೆಂದ. ಕೈಯಿಂದ ರಕ್ತ ತೆಗೆದು ಗಿರಗಿರ ತಿರುಗಿಸುವ ಯಂತ್ರದಲ್ಲಿ ಇಡುತ್ತಾರೆ. ಹೊರಗೆ ಬಂದ ಟ್ಯೂಬಿನಲ್ಲಿ ಕೆಳಗೆ ಕಡುಕೆಂಪು, ಮೇಲೆ ಹಳದಿ, ನಡುವೆ ದಾರದಷ್ಟು ಬಿಳಿ ಗೆರೆ. ಅದರ ಸುತ್ತಮುತ್ತಲಿನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಜಾಸ್ತಿ ಇರುವ ಭಾಗ ತೆಗೆದು ಮಂಡಿಗೆ ಹಾಕುತ್ತಾರೆ. ನಿಮ್ಮದೇ ರಕ್ತ, ನಿಮಗೇ ಔಷಧಿ ಅನ್ನುವ ಮಾತಿಗೆ ಯಾರು ಮರುಳಾಗುವುದಿಲ್ಲ ಹೇಳಿ. ನಾನು ಹೋದ ಕ್ಲಿನಿಕ್‌ನಲ್ಲಿ ಪರೀಕ್ಷೆ ಮುಗಿಯುವ ಮೊದಲೇ ಪ್ಯಾಕೇಜ್ ಚೀಟಿ ಕೈಗೆ ಬಂತು. ಒಂದು ಟ್ಯೂಬಿನಲ್ಲಿ ಎಷ್ಟು ಪ್ಲೇಟ್‌ಲೆಟ್ ಇರುತ್ತದೆ ಅಂತ ಕೇಳಿದರೆ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಚಿಕಿತ್ಸೆಯ ದೊಡ್ಡ ತೊಂದರೆಯೇ ಅದು. ಒಂದೊಂದು ಕಡೆ ಒಂದೊಂದು ಥರ ತಯಾರಿ, ಅಳತೆ ಇಲ್ಲ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದ ಪ್ರಯೋಗದಲ್ಲಿ ವಾರಕ್ಕೊಂದರಂತೆ ಮೂರು ಸಲ ಹಾಕಿ ಒಂದು ವರ್ಷ ಕಾದು ನೋಡಿದರು. ನೋವಿನಲ್ಲೂ ಇಲ್ಲ, ಕಾರ್ಟಿಲೇಜಿನಲ್ಲೂ ಇಲ್ಲ, ಉಪ್ಪುನೀರಿಗಿಂತ ಹೇಳಿಕೊಳ್ಳುವಂಥ ಲಾಭ ಎಲ್ಲೂ ಕಾಣಲಿಲ್ಲ. ಚೆನ್ನಾಗಿ ಕೆಲಸ ಮಾಡಿದೆ ಅನ್ನುವ ಸಣ್ಣ ಅಧ್ಯಯನಗಳೂ ಇವೆ, ಸುಳ್ಳು ಹೇಳುವುದಿಲ್ಲ. ನನಗೂ ಸ್ವಲ್ಪ ಆರಾಮಾಯಿತು. ಆದರೆ ಉಪ್ಪುನೀರು ಹಾಕಿಸಿಕೊಂಡವರಿಗೂ ಆರಾಮಾಗುತ್ತದಲ್ಲ, ನನ್ನದು ಯಾವ ಲೆಕ್ಕ ಅಂತ ಹೇಗೆ ಹೇಳಲಿ? ಒಂದೂವರೆ.

ಸ್ಟೆಮ್ ಸೆಲ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮಂಡಿ ಸವೆತಕ್ಕೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಯಾವುದನ್ನೂ ಒಪ್ಪಿಲ್ಲ. ಅಲ್ಲಿನ ಸಂಧಿವಾತ ತಜ್ಞರ ಸಂಘವೂ 2019ರಲ್ಲಿ ಪಿಆರ್‌ಪಿ, ಸ್ಟೆಮ್ ಸೆಲ್ ಎರಡನ್ನೂ ಬೇಡ ಅಂತ ಗಟ್ಟಿಯಾಗಿಯೇ ಹೇಳಿದೆ. 2023ರ ಒಂದು ದೊಡ್ಡ ಪ್ರಯೋಗದಲ್ಲಿ ಮೂರು ಬಗೆಯ ಜೀವಕೋಶ ಚಿಕಿತ್ಸೆಗಳನ್ನು ಸ್ಟೀರಾಯ್ಡ್ ಜೊತೆ ಹೋಲಿಸಿದರು. ವರ್ಷದ ಕೊನೆಗೆ ಆ ಅಗ್ಗದ ಸ್ಟೀರಾಯ್ಡನ್ನು ಒಂದೂ ಮೀರಿಸಲಿಲ್ಲ. ಸೊನ್ನೆ.

ಇಷ್ಟೆಲ್ಲ ಆದ ಮೇಲೂ ನಾನು ಇಂಜೆಕ್ಷನ್ ವಿರೋಧಿಯಲ್ಲ. ಸ್ಟೀರಾಯ್ಡ್ ಹಾಕಿಸಿಕೊಂಡ ಆ ಕೆಲವು ವಾರ ನೋವು ಇಲ್ಲದಾಗ ತೊಡೆಯ ಮುಂಭಾಗದ ಸ್ನಾಯು ಗಟ್ಟಿಮಾಡಿಕೊಳ್ಳಬಹುದು, ನೋವಿದ್ದಾಗ ಆ ವ್ಯಾಯಾಮ ಮಾಡಲು ಆಗುವುದೇ ಇಲ್ಲ. ಫಿಸಿಯೊ ಹೇಳಿದ ಹಾಗೆ ಕುರ್ಚಿಯಲ್ಲಿ ಕೂತು ಕಾಲು ನೇರ ಎತ್ತಿ ಹಿಡಿಯುವುದು, ಗೋಡೆಗೆ ಒರಗಿ ಅರ್ಧ ಕೂರುವುದು, ಇಂಥವೇ. 2020ರಲ್ಲಿ 156 ಜನರನ್ನು ಫಿಸಿಯೊಥೆರಪಿ ಮತ್ತು ಸ್ಟೀರಾಯ್ಡ್ ಅಂತ ಎರಡು ಗುಂಪು ಮಾಡಿ ನೋಡಿದಾಗ ವರ್ಷದ ಕೊನೆಗೆ ಫಿಸಿಯೊ ಮಾಡಿದವರೇ ಚೆನ್ನಾಗಿದ್ದರು. ತೂಕವೂ ಅಷ್ಟೇ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆ. ಸೂಜಿ ಚುಚ್ಚಿ ವ್ಯಾಯಾಮದ ಸುದ್ದಿಯನ್ನೇ ಎತ್ತದೆ ಕಳಿಸುವ ಡಾಕ್ಟರ್ ಅರ್ಧ ಕೆಲಸ ಮಾಡಿದ್ದಾರೆ ಅಂತಲೇ ನನ್ನ ಲೆಕ್ಕ.

ಹಾಕಿಸಿಕೊಂಡ ಮೇಲೆ ಮಂಡಿ ಕೆಂಪಾಗಿ, ಬಿಸಿಯಾಗಿ, ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಜ್ವರ ಬಂದರೆ, ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಓಡಿ. ಕೀಲಿನೊಳಗೆ ಸೋಂಕು ಆಗುವುದು ಅಪರೂಪ, ಆದರೆ ಆಯಿತೆಂದರೆ ಕೀಲು ಹಾಳಾಗುತ್ತದೆ. ಮಂಡಿ ಬದಲಾಯಿಸುವ ಆಪರೇಷನ್ ಹತ್ತಿರದಲ್ಲಿದ್ದರೆ ಹಿಂದಿನ ಮೂರು ತಿಂಗಳು ಆ ಮಂಡಿಗೆ ಸ್ಟೀರಾಯ್ಡ್ ಬೇಡ ಅನ್ನುತ್ತಾರೆ, ಅದೂ ಸೋಂಕಿನ ಭಯಕ್ಕೇ. ಸೂಜಿ ಹಾಕುವವರು ಒಬ್ಬರು, ಆಪರೇಷನ್ ಮಾಡುವವರು ಇನ್ನೊಬ್ಬರು ಆದಾಗ ಈ ವಿಷಯ ಇಬ್ಬರಿಗೂ ಗೊತ್ತಾಗದೆ ಉಳಿಯಬಹುದು. ನೀವೇ ಬಾಯಿ ಬಿಟ್ಟು ಹೇಳಿ, ಹಾಕಿಸಿಕೊಂಡ ತಾರೀಖು ಬರೆದಿಟ್ಟುಕೊಳ್ಳಿ.