ಬೆನ್ನು ಹಿಡಿದ ಡ್ಯಾಶಂಡ್‌ಗೆ ಯಾವುದು ಸರಿ: ಕೈರೋಪ್ರಾಕ್ಟಿಕ್ಕಾ, ಫಿಸಿಯೋಥೆರಪಿಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫಿಸಿಯೋಥೆರಪಿಗೆ. ಅದರಲ್ಲೂ ನೀರೊಳಗಿನ ಟ್ರೆಡ್‌ಮಿಲ್‌ಗೆ. ಎರಡನ್ನೂ ದುಡ್ಡು ಕೊಟ್ಟು ಮಾಡಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ನಾಯಿ ಸಾಕಿದವರ ಬಾಯಲ್ಲಿ ಕೈರೋಪ್ರಾಕ್ಟಿಕ್, ಅಂದರೆ ಬೆನ್ನು, ಕೀಲುಗಳನ್ನು ಕೈಯಿಂದ ಒತ್ತಿ ಮಾಡುವ ಚಿಕಿತ್ಸೆಯ ಮಾತು ಜಾಸ್ತಿ. ಪಾರ್ಕಿಗೆ ಹೋದರೆ ಒಬ್ಬರಾದರೂ "ಬೆನ್ನು ಅಡ್ಜಸ್ಟ್ ಮಾಡಿಸಿದೆವು, ಈಗ ಮರಿ ಥರ ಓಡ್ತಾನೆ" ಅನ್ನುತ್ತಾರೆ.

ನಮ್ಮ ಚುಕ್ಕಿ ಏಳು ವರ್ಷದ ಡ್ಯಾಶಂಡ್, ಉದ್ದ ಮೈ, ಕುಳ್ಳ ಕಾಲಿನ ಜಾತಿಯ ನಾಯಿ. ಅವಳಿಗೆ ಬಂದದ್ದು ಡಿಸ್ಕ್ ತೊಂದರೆ. ಬೆನ್ನು ಗೂನು ಮಾಡಿಕೊಂಡು ನಿಲ್ಲುತ್ತಿದ್ದಳು, ಎತ್ತಿಕೊಳ್ಳಲು ಹೋದರೆ ಕುಂಯ್ ಅನ್ನುತ್ತಿದ್ದಳು, ನಡೆಯುವಾಗ ಹಿಂಗಾಲು ತೂರಾಡುತ್ತಿತ್ತು. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಅದು ಈ ಜಾತಿಯಲ್ಲಿ ಚಿಕ್ಕ ವಯಸ್ಸಿಗೇ ಗಟ್ಟಿಯಾಗುತ್ತದೆ. ಒಂದು ದಿನ ಅದು ಒಡೆದು, ಒಳಗಿನದ್ದು ಬೆನ್ನುಹುರಿಯನ್ನು ಒತ್ತುತ್ತದೆ. ಕುಳ್ಳ ಕಾಲಿಗೂ ಇದಕ್ಕೂ ನಂಟಿದೆ. ಆ ಜೀನನ್ನು ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಗುರುತಿಸಿದರು. ಡ್ಯಾಶಂಡ್‌ಗಳಲ್ಲಿ ನಾಲ್ಕೈದರಲ್ಲಿ ಒಂದಕ್ಕೆ ಬದುಕಿನಲ್ಲಿ ಒಮ್ಮೆಯಾದರೂ ಇದು ಕಾಡುತ್ತದೆ.

ಚುಕ್ಕಿ ಇನ್ನೂ ನಡೆಯುತ್ತಿದ್ದಳು. ಹಾಗಾಗಿ ಪಶುವೈದ್ಯರು ಆಪರೇಷನ್ ಬೇಡ ಅಂದರು. ನೋವಿನ ಮಾತ್ರೆ, ಜೊತೆಗೆ ಕನಿಷ್ಠ 4 ವಾರ ಕ್ರೇಟ್‌ನಲ್ಲೇ, ಅಂದರೆ ನಾಯಿಯ ಪುಟ್ಟ ಗೂಡಿನಲ್ಲೇ ವಿಶ್ರಾಂತಿ. ಇಲ್ಲಿನ ಪಶುವೈದ್ಯ ತಜ್ಞರು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇಷ್ಟೇ ಅವಧಿ ಇದೆ. ಮುಂದೆ ನಾನು ಹೇಳುವುದೆಲ್ಲ ಈ ವಿಶ್ರಾಂತಿ ಮುಗಿದ ನಂತರದ ಮಾತು. ಇದನ್ನು ಬಿಟ್ಟು ನೇರ ಥೆರಪಿಗೆ ಓಡಬೇಡಿ. ನೋವು ಕಮ್ಮಿಯಾದ ನಾಯಿ ಸೋಫಾ ಹತ್ತುತ್ತದೆ. ಡಿಸ್ಕ್ ವಾಸಿಯಾಗುವ ಮುಂಚೆ ಸೋಫಾ ಹತ್ತಿದರೆ ಎಲ್ಲ ಮೊದಲಿನಿಂದ ಶುರು.

ಕೈರೋಪ್ರಾಕ್ಟಿಕ್ ಅಂದರೆ ಏನು ಅಂತ ನಮ್ಮ ಅತ್ತೆಯವರಿಗೆ ವಿವರಿಸಿದಾಗ, "ಊರಲ್ಲಿ ಉಳುಕು ತೆಗೀತಾರಲ್ಲ, ಹಂಗೇನಮ್ಮಾ?" ಅಂದರು. ಹೆಚ್ಚುಕಮ್ಮಿ ಹಾಗೇ. 1895ರಲ್ಲಿ ಅಯೋವಾ ರಾಜ್ಯದ ಡ್ಯಾವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಎಂಬುವರು ಮನುಷ್ಯರಿಗೆ ಅಂತ ಶುರು ಮಾಡಿದ ಪದ್ಧತಿ. ಕೀಲು ಸರಿಯಾಗಿ ಆಡುತ್ತಿಲ್ಲ ಅನ್ನಿಸಿದ ಕಡೆ ಕೈಯಿಂದ ಚಿಕ್ಕದಾಗಿ, ಚುರುಕಾಗಿ ಒಂದು ಒತ್ತು ಕೊಡುತ್ತಾರೆ. ಒಮ್ಮೊಮ್ಮೆ ಲಟಕ್ ಅನ್ನುತ್ತದೆ. ಜಾರಿದ ಮೂಳೆ ಜಾಗಕ್ಕೆ ಕೂತ ಸದ್ದು ಅದಲ್ಲ. ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಆಡುವ ಸದ್ದು. ಒಡೆದ ಡಿಸ್ಕನ್ನು ಯಾರ ಕೈಯೂ ಒಳಗೆ ತಳ್ಳಲಾರದು.

ನನಗೆ ತಲೆ ಕೆಟ್ಟುಹೋದದ್ದು ಇದನ್ನು ಮಾಡಿಸುವವರೆಗಿನ ಓಡಾಟದಲ್ಲಿ. ಮೊದಲು ಫೋನ್ ಮಾಡಿದ ಕಡೆ, "ಮನೆಗೇ ಬರ್ತೀವಿ, ರಿಪೋರ್ಟ್ ಏನೂ ಬೇಡ" ಅಂದರು. ಮನುಷ್ಯರಿಗೆ ಮಾಡುವವರು, ನಾಯಿಗೂ ಮಾಡುತ್ತಾರಂತೆ. ಕ್ಯಾಲಿಫೋರ್ನಿಯಾದ ನಿಯಮ ಹಾಗಿಲ್ಲ. ಮೊದಲು ಪಶುವೈದ್ಯರು ನಾಯಿಯನ್ನು ಪರೀಕ್ಷೆ ಮಾಡಿರಬೇಕು. ಆಮೇಲೆ ಒಂದೋ ಅವರೇ ಮಾಡಬೇಕು, ಇಲ್ಲ ಅವರು ಅಲ್ಲೇ ಇದ್ದು, ಅವರ ಉಸ್ತುವಾರಿಯಲ್ಲಿ ಕೈರೋಪ್ರಾಕ್ಟರ್ ಮಾಡಬೇಕು. ಇದನ್ನು ಹೇಳಿದರೆ ಆ ಕಡೆಯವರು, "ಅದೆಲ್ಲ ಸುಮ್ನೆ ಕಾಗದದ ಮಾತು" ಅಂತ ಹೇಳಿ ಹತ್ತು ಸಲದ ಪ್ಯಾಕೇಜ್ ಬಗ್ಗೆ ಮಾತು ಶುರು ಮಾಡಿದರು. ನಾಯಿಯ ಹೆಸರು ಕೇಳುವ ಮೊದಲೇ ಹತ್ತು ಸಲ ಬೇಕು ಅಂತ ಹೇಗೆ ಗೊತ್ತಾಯಿತು? ಫೋನ್ ಇಟ್ಟೆ.

ನಿಯಮದ ಪ್ರಕಾರ ನಡೆಯುವ ಜಾಗ ಹುಡುಕಿದರೆ ಬೇರೆ ಪೇಚಾಟ. ಕೈರೋಪ್ರಾಕ್ಟರ್ ಬರುವುದು ವಾರಕ್ಕೆ ಒಂದೇ ದಿನ. ಅವತ್ತು ಪಶುವೈದ್ಯರಿಗೆ ಎಮರ್ಜೆನ್ಸಿ ಬಂದರೆ ನಮ್ಮ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್. ಅದು ಎರಡೆರಡು ಸಲ ಆಯಿತು. ಬೆನ್ನು ನೋವಿನ ನಾಯಿಯನ್ನು ಹೈವೇ 880ರ ಟ್ರಾಫಿಕ್ಕಿನಲ್ಲಿ ಕೂರಿಸಿಕೊಂಡು ಹೋಗಿ, ಬಾಗಿಲಿಂದ ವಾಪಸ್ ಬರುವುದು ಎಷ್ಟು ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಕೊನೆಗೆ ಒಳಗೆ ಹೋದಾಗ ಒಂದು ಕಾಗದಕ್ಕೆ ಸಹಿ ಕೇಳಿದರು. ಇದು ಪರ್ಯಾಯ ಚಿಕಿತ್ಸೆ, ರೂಢಿಯಲ್ಲಿರುವ ಪಶುವೈದ್ಯ ಚಿಕಿತ್ಸೆ ಅಲ್ಲ ಅಂತ ನನಗೆ ತಿಳಿದಿದೆ, ಅಂತ. ಅದನ್ನೂ ನಿಯಮವೇ ಕೇಳುತ್ತದೆ. ಈ ನಿಯಮ ಇರುವುದು ಒಳ್ಳೆಯದೇ. ಪರೀಕ್ಷೆ ಇಲ್ಲದೆ ಮನೆಗೇ ಬರುತ್ತೇವೆ ಅಂದವರ ಕೈಗೆ ಚುಕ್ಕಿಯ ಬೆನ್ನು ಕೊಡದಿರಲು ನನಗೆ ಧೈರ್ಯ ಬಂದದ್ದು ಅದರಿಂದಲೇ.

ಚಿಕಿತ್ಸೆ ಹೇಗಿತ್ತು? ಮೃದುವಾಗಿತ್ತು. ಡಿಸ್ಕ್ ಇರುವ ಜಾಗ ಮುಟ್ಟಲೇ ಇಲ್ಲ. ಹೆಗಲು, ಕತ್ತಿನ ಬುಡದ ಹತ್ತಿರ ಮಾತ್ರ ಕೈ ಆಡಿಸಿದರು. ಚುಕ್ಕಿ ಮೊದಲು ತುಟಿ ನೆಕ್ಕಿಕೊಂಡಳು, ಅವಳಿಗೆ ಭಯವಾದರೆ ಹಾಗೆ ಮಾಡುತ್ತಾಳೆ. ಆಮೇಲೆ ಕಣ್ಣು ಮುಚ್ಚಿದಳು. ಸಂಜೆ ಚೆನ್ನಾಗಿ ನಿದ್ದೆ ಮಾಡಿದಳು. ಮರುದಿನ? ಮೊದಲಿನ ಹಾಗೇ. ಆಮೇಲಿನ ಸಲವೂ ಅಷ್ಟೇ. ಸುಖವಾಗಿದ್ದದ್ದು ಅವರ ಕೈಯಿಂದಲೋ, ಗ್ಯಾಬಪೆಂಟಿನ್ ಅನ್ನುವ ನೋವಿನ ಮಾತ್ರೆಯ ಮಂಪರಿನಿಂದಲೋ, ಅಥವಾ ನಾನೇ ಹಾಗೆ ನೋಡಬೇಕು ಅಂತ ನೋಡಿದೆನೋ, ಬೇರೆ ಮಾಡಿ ಹೇಳಲು ದಾರಿಯೇ ಇಲ್ಲ. ಇಷ್ಟು ದುಡ್ಡು ಕೊಟ್ಟ ಮೇಲೆ ಯಾರ ಕಣ್ಣಿಗಾದರೂ ನಾಯಿ ಹುಷಾರಾದಂತೆಯೇ ಕಾಣುತ್ತದೆ, ಅಲ್ವಾ?

ಇದರಿಂದ ಯಾವ ನಾಯಿಗೂ ಉಪಯೋಗ ಇಲ್ಲ ಅಂತ ಹೇಳುತ್ತಿಲ್ಲ. ಪಕ್ಕದ ಮನೆಯ ಮುದಿ ಲ್ಯಾಬ್ರಡಾರ್ ಮಾಡಿಸಿಕೊಂಡು ಬಂದ ದಿನ ಮೆಟ್ಟಿಲು ಸಲೀಸಾಗಿ ಇಳಿಯುವುದನ್ನು ನಾನೇ ನೋಡಿದ್ದೇನೆ. ನಾರ್ವೆಯಲ್ಲಿ ಬಾಕ್ಸರ್ ಜಾತಿಯ ನಾಯಿಮರಿಗಳ ಮೇಲೆ ಕೈರೋಪ್ರಾಕ್ಟಿಕ್ ಪ್ರಯೋಗ ಮಾಡಿ 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬೆನ್ನುಮೂಳೆಯ ಅಂಚು ಬೆಳೆಯುವ ತೊಂದರೆ ಕಮ್ಮಿ ಕಂಡಿತು. ಆದರೆ ನಾಯಿಗಳ ಮೇಲೆ ಇಂಥ ಅಧ್ಯಯನಗಳು ತೀರಾ ಕಮ್ಮಿ. ಒಡೆದ ಡಿಸ್ಕ್, ಮೂಳೆ ಬಿರುಕು, ಗಡ್ಡೆ, ಬೆನ್ನುಮೂಳೆಯ ಸೋಂಕು ಇದ್ದರೆ ಆ ಒಂದು ಒತ್ತು ಅಪಾಯ. ಡಾಬರ್‌ಮನ್‌ನ ಕತ್ತು, ಚಿವಾವಾದಂಥ ಪುಟಾಣಿ ನಾಯಿಗಳ ಕತ್ತಿನ ಮೊದಲ ಕೀಲು, ಇವೆರಡನ್ನೂ ತಜ್ಞರು ನೋಡದೆ ಯಾರೂ ತಿರುಗಿಸಬಾರದು. ಇವೆಲ್ಲ ಹೊರಗಿನಿಂದ ಬರೀ ಬಿಗಿತದ ಹಾಗೇ ಕಾಣುತ್ತವೆ. ಎಕ್ಸ್‌ರೇಯಲ್ಲಿ ಬೆನ್ನುಹುರಿ ಕಾಣುವುದೇ ಇಲ್ಲ, ಅದಕ್ಕೆ ಎಂಆರ್‌ಐ ಬೇಕು.

ಇನ್ನು ಫಿಸಿಯೋ. ಮೊದಲ ದಿನವೇ ಚುಕ್ಕಿಯ ಹಿಂಗಾಲಿನ ಪಂಜವನ್ನು ಮಗುಚಿ, ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟರು. ಆರೋಗ್ಯವಾಗಿರುವ ನಾಯಿ ತಕ್ಷಣ ಪಂಜವನ್ನು ಸರಿಯಾಗಿ ಇಟ್ಟುಕೊಳ್ಳುತ್ತದೆ. ಚುಕ್ಕಿ ಬಲಗಾಲನ್ನು ಇಟ್ಟುಕೊಂಡಳು, ಎಡಗಾಲು ಮಗುಚಿದಂತೆಯೇ ಇತ್ತು. ಅದನ್ನು ಬರೆದುಕೊಂಡರು. ಪ್ರತಿ ಸಲ ಇದನ್ನೇ ನೋಡುತ್ತಿದ್ದರು, ನನಗೂ ತೋರಿಸುತ್ತಿದ್ದರು. ವಾರಗಳು ಕಳೆದಂತೆ ಎಡಗಾಲು ತಡವಾಗಿಯಾದರೂ ತಿರುಗಿತು, ಆಮೇಲೆ ಬೇಗ ತಿರುಗಿತು. ನಾನು ಫಿಸಿಯೋ ಪಕ್ಷಕ್ಕೆ ಸೇರಿದ್ದು ಇದೊಂದಕ್ಕೇ. ಹುಷಾರಾಗುತ್ತಿದ್ದಾಳಾ ಇಲ್ಲವಾ ಅಂತ ನನ್ನ ಕಣ್ಣಿಗೇ ಕಂಡಿತು.

ಟ್ರೆಡ್‌ಮಿಲ್ ಗಾಜಿನ ಪೆಟ್ಟಿಗೆಯೊಳಗೆ ಇರುತ್ತದೆ. ಕೆಳಗಿನಿಂದ ಬೆಚ್ಚನೆ ನೀರು ತುಂಬುತ್ತದೆ. ನೀರು ಸೊಂಟದ ಮಟ್ಟಕ್ಕೆ ಬಂದರೆ ನಾಯಿಯ ಕಾಲಿನ ಮೇಲೆ ಬೀಳುವುದು ಮೈತೂಕದ 38 ಶೇಕಡಾ ಮಾತ್ರ. ಮೊಣಕಾಲಿನ ಮಟ್ಟದಲ್ಲಾದರೆ 85. ಬೆನ್ನಿಗೆ ಭಾರ ಬೀಳದೆ ಕಾಲಿಗೆ ಕಸರತ್ತು ಸಿಗುತ್ತದೆ. ಮೊದಲ ಸಲ ಚುಕ್ಕಿ ಹೆದರಿ ನಡುಗಿದಳು. ಅಲ್ಲಿನ ಹುಡುಗಿ ಎದುರಿನ ಗಾಜಿಗೆ ಕಡಲೆಕಾಯಿ ಬೆಣ್ಣೆ ಸವರಿದಳು. ಅದನ್ನು ನೆಕ್ಕುತ್ತಾ ನೆಕ್ಕುತ್ತಾ ಚುಕ್ಕಿ ಕಾಲು ಹಾಕಲು ಶುರು ಮಾಡಿದಳು. ಯಾವ ಹೆಜ್ಜೆಯಲ್ಲಿ ಉಗುರು ನೆಲಕ್ಕೆ ಉಜ್ಜುತ್ತಿದೆ ಅಂತ ಗಾಜಿನಾಚೆಯಿಂದ ಎಣಿಸಬಹುದು.

ಒದ್ದೆ ನಾಯಿಯನ್ನು ಒರೆಸಿ ಒಣಗಿಸುವುದು ದೊಡ್ಡ ಕೆಲಸ, ಕಿವಿಯೊಳಗೆ ತೇವ ಉಳಿಯದಂತೆ ನೋಡಬೇಕು.

ಖರ್ಚು ಒಂದು ಸಲಕ್ಕೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಒಟ್ಟಿನಲ್ಲಿ ಫಿಸಿಯೋಗೇ ಜಾಸ್ತಿ ಹೋಯಿತು, ಯಾಕೆಂದರೆ ವಾರಕ್ಕೆ ಎರಡು ಸಲ ಹೋಗಬೇಕಿತ್ತು. ಆದರೆ ಮನೆಯಲ್ಲಿ ಮಾಡಿಸುವ ವ್ಯಾಯಾಮ ಕಲಿಸಿಕೊಟ್ಟರು. ದಿಂಬಿನ ಮೇಲೆ ನಿಲ್ಲಿಸುವುದು, ಕೂತು ಏಳಿಸುವುದು, ನೆಲದ ಮೇಲೆ ಕೋಲುಗಳನ್ನಿಟ್ಟು ನಿಧಾನವಾಗಿ ದಾಟಿಸುವುದು. ಈಗ ಸೆಂಟರಿಗೆ ಹೋಗುವುದು ಕಮ್ಮಿಯಾಗಿದೆ, ಖರ್ಚೂ ಇಳಿದಿದೆ. ದಿನಾ ಸಂಜೆ ಹತ್ತು ನಿಮಿಷ ನಾಯಿಯ ಜೊತೆ ನೆಲದಲ್ಲಿ ಕೂರಲು ನನಗೆ ಇಷ್ಟ. ಹಾಗೆ ಕೂರಲು ಪುರುಸೊತ್ತಿಲ್ಲದವರಿಗೆ ಫಿಸಿಯೋದ ಅರ್ಧ ಲಾಭ ಸಿಗುವುದಿಲ್ಲ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ನಾಯಿಗೂ ಈಗ ಬೆನ್ನು ನೋವು ಶುರುವಾಗಿದೆ. ಯಾರೋ ಬೆನ್ನು ಸರಿ ಮಾಡುತ್ತೇವೆ ಅಂದರಂತೆ. "ಮೊದಲು ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೋಗಿ ತೋರಿಸು, ಅದಕ್ಕೆ ಮುಂಚೆ ಯಾರ ಕೈಗೂ ಕೊಡಬೇಡ ಕಣೇ" ಅಂದಿದ್ದೇನೆ. ಹಿಂಗಾಲು ಎಳೆಯುತ್ತಿದ್ದರೆ, ಮೂತ್ರ ಕಟ್ಟಿದ್ದರೆ, ಬೆರಳು ಚಿವುಟಿದರೂ ನೋವು ಗೊತ್ತಾಗದಿದ್ದರೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಓಡಬೇಕು. ಆಗ ಕೈರೋಪ್ರಾಕ್ಟಿಕ್ ಬೇಡ, ಫಿಸಿಯೋನೂ ಬೇಡ, ಸರ್ಜನ್ ಬೇಕು. ತೊಂದರೆ ಬರೀ ಸ್ನಾಯು ಬಿಗಿತ ಅಂತ ಡಾಕ್ಟರು ಖಚಿತವಾಗಿ ಹೇಳಿ, ಕೈಯಲ್ಲಿ ಮಿಕ್ಕಿದ ದುಡ್ಡೂ ಇದ್ದರೆ, ಪಶುವೈದ್ಯರ ಎದುರಿಗೇ ಕೈರೋಪ್ರಾಕ್ಟಿಕ್ ಮಾಡಿಸಲು ನನ್ನ ತಕರಾರಿಲ್ಲ. ಒಂದಕ್ಕೆ ಮಾತ್ರ ದುಡ್ಡಿದ್ದರೆ ಫಿಸಿಯೋಗೆ ಹಾಕಿ, ಅದರಲ್ಲಿ ಸ್ವಲ್ಪ ಉಳಿಸಿ ಸೋಫಾ ಪಕ್ಕಕ್ಕೆ ಒಂದು ರ‍್ಯಾಂಪ್, ಕಾಲರ್ ಬದಲು ಒಂದು ಹಾರ್ನೆಸ್ ತನ್ನಿ.