ವ್ಯಾಪಾರ ಮೂರು ಪಟ್ಟಾಯಿತು, ಸಂಬಳಕ್ಕೆ ದುಡ್ಡಿರಲಿಲ್ಲ

ನನ್ನದು ರಟ್ಟಿನ ಬಾಕ್ಸ್ ಮಾಡುವ ಚಿಕ್ಕ ಘಟಕ. ಏಳು ವರ್ಷ ಸುಸೂತ್ರವಾಗಿ ನಡೆಯಿತು. ಎಂಟನೇ ವರ್ಷ ವ್ಯಾಪಾರ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಅದೇ ವರ್ಷ ನನ್ನ ಕೆಲಸಗಾರರಿಗೆ ಸಂಬಳ ಕೊಡಲಾಗದೆ, ಅವರ ಮುಖ ನೋಡಲು ಆಗದೆ, ಬೆಳಗ್ಗೆ ತಡವಾಗಿ ಹೋಗಿ ಸಂಜೆ ಬೇಗ ಬರುತ್ತಿದ್ದೆ. ಈ ಎರಡೂ ಒಟ್ಟಿಗೆ ಹೇಗೆ ಆಗುತ್ತದೆ ಅಂತ ನಿಮಗೆ ಅನಿಸುತ್ತಿದ್ದರೆ ಪೂರ್ತಿ ಓದಿ. ನನಗೂ ಹಾಗೇ ಅನಿಸಿತ್ತು.

ಗಿರಾಕಿ ಇಲ್ಲದೆ ಅಂಗಡಿ ಮುಚ್ಚಿದವರ ಕಥೆ ಎಲ್ಲರೂ ಕೇಳಿರುತ್ತೀರಿ. ಗಿರಾಕಿ ಜಾಸ್ತಿಯಾಗಿ ಮುಳುಗಿದವರು ಬಾಯಿ ಬಿಡುವುದಿಲ್ಲ. ಹೇಳಿದರೆ ಜನ ನಗುತ್ತಾರೆ ಅಲ್ವಾ?

ಮೊದಲು ನನಗೆ ಇಪ್ಪತ್ತು ಚಿಕ್ಕ ಪಾರ್ಟಿಗಳಿದ್ದರು. ಮಾಲು ಹೋದ ಎರಡು ವಾರದೊಳಗೆ ಹಣ ಬರುತ್ತಿತ್ತು. ಕಾಗದ ಕೊಡುವವರು ನನಗೆ 15 ದಿನದ ಉದ್ರಿ ಕೊಡುತ್ತಿದ್ದರು. ಅಲ್ಲಿಂದ ಬಂದದ್ದು ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಲೆಕ್ಕ ತಲೆಯಲ್ಲೇ ಇರುತ್ತಿತ್ತು. ತಲೆಯಲ್ಲೇ ಇದ್ದದ್ದು ನನ್ನ ಮೊದಲ ತಪ್ಪು. ಆದರೆ ಅದು ತಪ್ಪು ಅಂತ ಗೊತ್ತಾಗುವ ಸಂದರ್ಭ ಅಲ್ಲಿಯವರೆಗೆ ಬಂದಿರಲಿಲ್ಲ.

ಆಮೇಲೆ ದೊಡ್ಡ ಪಾರ್ಟಿ ಬಂತು. ನಾನು ತಿಂಗಳಿಗೆ ಮಾಡುತ್ತಿದ್ದ ಒಟ್ಟು ಮಾಲಿನ ಎರಡರಷ್ಟು ಅವರೊಬ್ಬರಿಗೇ ಬೇಕಿತ್ತು. ಎರಡು ಷರತ್ತು ಹಾಕಿದರು. ರೇಟಿನಲ್ಲಿ ಶೇ 10 ಇಳಿಸಬೇಕು. ಪೇಮೆಂಟ್ 90 ದಿನಕ್ಕೆ. ನಾನು ಕ್ಯಾಲ್ಕುಲೇಟರ್ ಕೂಡ ಮುಟ್ಟದೆ ಒಪ್ಪಿಕೊಂಡೆ. ಮನೆಗೆ ಹೋಗಿ ಸಿಹಿ ಸುದ್ದಿ ಹೇಳಿದೆ.

ಈಗ ಕ್ಯಾಲ್ಕುಲೇಟರ್ ಮುಟ್ಟೋಣ. ನಾನು 100ಕ್ಕೆ ಮಾರುತ್ತಿದ್ದ ಮಾಲಿಗೆ ಕಾಗದ, ಕೂಲಿ, ಕರೆಂಟು ಎಲ್ಲ ಸೇರಿ 75 ಖರ್ಚು. ಉಳಿಯುತ್ತಿದ್ದದ್ದು 25. ರೇಟು 90ಕ್ಕೆ ಇಳಿಸಿದೆ. ಖರ್ಚು 75 ಹಾಗೇ ನಿಂತಿತು. ಉಳಿದದ್ದು 15. ಅಂದರೆ ನಾನು ಬಿಟ್ಟುಕೊಟ್ಟದ್ದು ಲಾಭದಲ್ಲಿ ಶೇ 40! ಮೊದಲಿನಷ್ಟೇ ಸಂಪಾದಿಸಬೇಕಾದರೆ ಮೂರರಲ್ಲಿ ಎರಡು ಪಾಲು ಜಾಸ್ತಿ ಮಾಲು ಮಾಡಬೇಕಿತ್ತು. ಪರವಾಗಿಲ್ಲ, ಆರ್ಡರ್ ಅದಕ್ಕಿಂತ ಜಾಸ್ತಿ ಇದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನನ್ನನ್ನು ಹೊಡೆದದ್ದು ರೇಟು ಅಲ್ಲ. ದಿನಗಳು.

ನನ್ನ ಹಳೇ ವ್ಯಾಪಾರ ತಿಂಗಳಿಗೆ 100 ಅಂತ ಇಟ್ಟುಕೊಳ್ಳಿ. ಹೊಸ ಆರ್ಡರ್ 180. ಅದನ್ನು ಮಾಡಲು ಪ್ರತಿ ತಿಂಗಳು ಕೈಯಿಂದ 150 ಹೋಗಬೇಕು. ಕಾಗದ ತಂದು, ಬಾಕ್ಸ್ ಮಾಡಿ, ಲಾರಿ ಹತ್ತಿಸುವಷ್ಟರಲ್ಲಿ 20 ದಿನ. ಆಮೇಲೆ ಹಣಕ್ಕೆ 90 ದಿನ. ಒಟ್ಟು 110. ಕಾಗದದವರ ಉದ್ರಿ 15 ದಿನ ಕಳೆದರೂ 95 ದಿನ ನನ್ನ ಹಣ ಊರೂರು ಅಲೆಯುತ್ತಿರುತ್ತದೆ. ಮೂರು ತಿಂಗಳಿಗೂ ಜಾಸ್ತಿ. ತಿಂಗಳಿಗೆ 150ರಂತೆ ಮೂರು ತಿಂಗಳಿಗೆ 450. ಅವರಿಂದ ಮೊದಲ ಪೈಸೆ ಬರುವ ಮುಂಚೆ ನಾನು ಸುರಿಯಬೇಕಾದದ್ದು ಅಷ್ಟು. ಏಳು ವರ್ಷ ಕೂಡಿಟ್ಟದ್ದು 120 ಇತ್ತು.

ಈ ಆರ್ಡರಿನಿಂದ ತಿಂಗಳಿಗೆ ಉಳಿಯುವುದು 30. ಆ 450ರ ಗುಂಡಿ ಈ 30ರಿಂದ ತುಂಬಲು 15 ತಿಂಗಳು ಬೇಕು. ಅದೂ ಎಲ್ಲ ಸರಿಯಾಗಿ ನಡೆದರೆ. ಇದು ಐದನೇ ಕ್ಲಾಸಿನ ಗುಣಾಕಾರ. ಸಹಿ ಹಾಕುವ ಮುಂಚೆ ಹತ್ತು ನಿಮಿಷ ಕೂತಿದ್ದರೆ ಗೊತ್ತಾಗುತ್ತಿತ್ತು.

ಎರಡನೇ ತಿಂಗಳ ಕೊನೆಗೆ ಅಕೌಂಟ್ ಬತ್ತಿತು. ಆಗ ಶುರುವಾಯಿತು ನೋಡಿ, ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ. ಹಳೇ ಪಾರ್ಟಿಗಳ ಬಿಲ್ಲಿನ ಜೊತೆ ಬಂದ, ಮಾರಾಟದ ಮೇಲಿನ ತೆರಿಗೆ ಅಕೌಂಟಿನಲ್ಲಿತ್ತು. ಅದು ನನ್ನ ಹಣ ಅಲ್ಲ. ಸರ್ಕಾರದ ಹಣ ನನ್ನ ಜೇಬಿನಲ್ಲಿ ಸ್ವಲ್ಪ ದಿನ ಕೂತಿರುತ್ತದೆ, ಅಷ್ಟೇ. ಆದರೆ ಬ್ಯಾಲೆನ್ಸ್ ನೋಡುವಾಗ ಎಲ್ಲ ಒಂದೇ ಥರ ಕಾಣುತ್ತದೆ. ಅದರಲ್ಲಿ ಕಾಗದ ತಂದೆ. ಒಂದಿಬ್ಬರು ಹಳೇ ಗಿರಾಕಿಗಳ ಅಡ್ವಾನ್ಸ್ ಇತ್ತು. ಅದರಲ್ಲಿ ಕೂಲಿ ಕೊಟ್ಟೆ. ಮನೆಯ ಉಳಿತಾಯ ತಂದು ಹಾಕಿದೆ, ಎಷ್ಟು ಹಾಕಿದೆ ಅಂತ ಎಲ್ಲೂ ಬರೆಯಲಿಲ್ಲ. ನನ್ನ ಮನೆಯ ಹಣ, ನನ್ನ ವ್ಯಾಪಾರ, ಬರೆಯುವುದೇನು ಅಂತ. ಇವತ್ತಿಗೂ ಆ ಮೊತ್ತದ ಬಗ್ಗೆ ನನಗೂ ಹೆಂಡತಿಗೂ ಒಮ್ಮತ ಇಲ್ಲ.

ಆಮೇಲೆ ಸಾಲ. ಒಬ್ಬ ಏಜೆಂಟ್ "ಶೇ 12 ಅಷ್ಟೇ, ಫ್ಲಾಟ್ ರೇಟು" ಅಂದ. ಒಂದು ವರ್ಷಕ್ಕೆ, ತಿಂಗಳ ಕಂತು. ಅಗ್ಗ ಅಂತ ತೆಗೆದುಕೊಂಡೆ. ಫ್ಲಾಟ್ ಅಂದರೆ ಏನು ಗೊತ್ತಾ? ಪ್ರತಿ ತಿಂಗಳು ಅಸಲು ತೀರಿಸುತ್ತಾ ಹೋಗುತ್ತೀರಿ, ಆದರೆ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಅಸಲಿನ ಮೇಲೇ. ವರ್ಷದುದ್ದಕ್ಕೂ ನಿಮ್ಮ ಕೈಯಲ್ಲಿ ಸರಾಸರಿ ಇರುವುದು ಸುಮಾರು ಅರ್ಧ ಸಾಲ. ಬಡ್ಡಿ ಪೂರ್ತಿಗೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ 21 ದಾಟುತ್ತದೆ. ಏಜೆಂಟ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ.

ಆ 90 ದಿನದ ಕಥೆ ಇನ್ನೂ ಇದೆ. ನಾನು ಮಾಲು ಕೊಟ್ಟ ದಿನದಿಂದ ಎಣಿಸುತ್ತಿದ್ದೆ. ಅವರು ತಮ್ಮ ಆಫೀಸಿನಲ್ಲಿ ಬಿಲ್ ಪಾಸಾದ ದಿನದಿಂದ ಎಣಿಸುತ್ತಿದ್ದರು. ಒಂದು ಬಿಲ್ಲಿನಲ್ಲಿ ಆರ್ಡರ್ ನಂಬರ್ ಬರೆಯಲು ಮರೆತಿದ್ದೆ. ಮೂರು ವಾರ ಬಿಟ್ಟು ವಾಪಸ್ ಕಳಿಸಿದರು. ಸರಿ ಮಾಡಿ ಕೊಟ್ಟೆ. ಮತ್ತೆ ಒಂದರಿಂದ ಎಣಿಕೆ. ಹೀಗೆ 90 ಅನ್ನುವುದು 120 ಆಯಿತು. ಒಪ್ಪಂದದ ಕಾಗದದಲ್ಲಿ ಅದೆಲ್ಲ ಬರೆದೇ ಇತ್ತು, ನಾನು ಓದಿರಲಿಲ್ಲ. ಅವರು ಕೊನೆಗೆ ಒಂದು ಪೈಸೆ ಬಿಡದೆ ಕೊಟ್ಟರು. ಮೋಸ ಮಾಡಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

ಈ ಮಧ್ಯೆ ಹಳೇ ಇಪ್ಪತ್ತು ಪಾರ್ಟಿಗಳ ಮಾಲು ತಡವಾಗತೊಡಗಿತು. ಮೆಷಿನ್ ಪೂರ್ತಿ ದೊಡ್ಡವರಿಗೇ ಓಡುತ್ತಿತ್ತು. ಆರು ಜನ ಸದ್ದಿಲ್ಲದೆ ಬೇರೆಯವರ ಹತ್ತಿರ ಹೋದರು. ಎರಡು ವಾರಕ್ಕೆ ಹಣ ಕೊಡುವವರು ಅವರೇ! ಕಾಗದದವರಿಗೆ ಎರಡು ಸಲ ತಡ ಮಾಡಿದೆ. ಮೂರನೇ ಸಲ ಅವರು "ಹಣ ಕೊಟ್ಟು ಮಾಲು ಒಯ್ಯಿ" ಅಂದರು. ಆ 15 ದಿನದ ಉದ್ರಿಯೂ ಹೋಯಿತು.

ವರ್ಷದ ಕೊನೆಗೆ ಲೆಕ್ಕ ಬರೆಯುವವರ ಹತ್ತಿರ ಹೋದೆ. ಅವರು ನಗುನಗುತ್ತಾ "ಒಳ್ಳೇ ಲಾಭ ಬಂದಿದೆ, ತೆರಿಗೆ ಕಟ್ಟಬೇಕು" ಅಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಲಾಭ ಎಲ್ಲಿದೆ ಅಂತ ಕೇಳಿದೆ. ಬಾಕಿ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಬಿಲ್ ಮಾಡಿದ ದಿನವೇ ಪುಸ್ತಕದಲ್ಲಿ ಅದು ಆದಾಯ. ಹಣ ಬಂತೋ ಇಲ್ಲವೋ ಅನ್ನುವುದು ಬೇರೆ ಪುಟ. ಆ ಬೇರೆ ಪುಟವನ್ನು ನಾನು ವರ್ಷಕ್ಕೊಮ್ಮೆಯೂ ತೆರೆದವನಲ್ಲ. ಅವರೇ ಒಂದು ವಿಷಯ ಹೇಳಿದರು. ಪ್ರತಿ ವ್ಯವಹಾರವನ್ನೂ ಜಮಾ, ಖರ್ಚು ಅಂತ ಎರಡೂ ಕಡೆ ಬರೆಯುವ ಪದ್ಧತಿಯನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಲೂಕಾ ಪಾಚೋಲಿ ಅನ್ನುವ ಸನ್ಯಾಸಿ, ವ್ಯಾಪಾರಿಗೆ ಮೂರು ಬೇಕು ಅಂದಿದ್ದಾನಂತೆ: ಕೈಯಲ್ಲಿ ಹಣ, ಒಳ್ಳೆ ಲೆಕ್ಕಿಗ, ಅಚ್ಚುಕಟ್ಟಾದ ಲೆಕ್ಕ. ಹಣವೇ ಮೊದಲು. ಸನ್ಯಾಸಿಗೆ ಗೊತ್ತಿದ್ದದ್ದು ವ್ಯಾಪಾರಿಗೆ ಗೊತ್ತಿರಲಿಲ್ಲ.

ಹೊರಗೆ ಬಂದದ್ದು ಹೇಗೆ ಅಂತ ಉದ್ದ ಎಳೆಯುವುದಿಲ್ಲ. ಆ ಆರ್ಡರಿಗೆಂದೇ ತಂದ ಎರಡನೇ ಮೆಷಿನ್ ನಷ್ಟಕ್ಕೆ ಮಾರಿದೆ. ದೊಡ್ಡ ಪಾರ್ಟಿಗೆ ಹೋಗಿ ಮೂರರಲ್ಲಿ ಒಂದು ಪಾಲು ಮಾತ್ರ ಮಾಡುತ್ತೇನೆ ಅಂದೆ. ಅವರು ಬೇಸರವನ್ನೂ ಮಾಡಿಕೊಳ್ಳಲಿಲ್ಲ, ಉಳಿದದ್ದನ್ನು ಇನ್ನೊಬ್ಬರಿಗೆ ಕೊಟ್ಟರು. ಆ ಇನ್ನೊಬ್ಬರ ಬಗ್ಗೆ ಆಗಾಗ ಯೋಚನೆ ಬರುತ್ತದೆ.

ಈಗ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಇದೆ. 13 ಮನೆ, 13 ವಾರ. ಪ್ರತಿ ವಾರದ ಮನೆಯಲ್ಲಿ ಯಾರಿಂದ ಎಷ್ಟು ಬರಬಹುದು, ಯಾರಿಗೆ ಎಷ್ಟು ಹೋಗಲೇಬೇಕು, ಕೊನೆಗೆ ಎಷ್ಟು ಉಳಿಯುತ್ತದೆ. ಬರಬೇಕಾದ ಹಣವನ್ನು ಪಾರ್ಟಿ ಹೇಳಿದ ದಿನಕ್ಕೆ ಬರೆಯುವುದಿಲ್ಲ, ಹಿಂದೆ ಅವರು ನಿಜವಾಗಿ ಕೊಟ್ಟ ದಿನ ನೋಡಿ ಬರೆಯುತ್ತೇನೆ. ಶುಕ್ರವಾರ ಸಂಜೆ ಅರ್ಧ ಗಂಟೆ ಸಾಕು. ಒಂದು ಮನೆಯಲ್ಲಿ ಸೊನ್ನೆಗಿಂತ ಕೆಳಗೆ ಹೋದರೆ ಎರಡು ತಿಂಗಳು ಮುಂಚೆಯೇ ಕಾಣುತ್ತದೆ. ಎರಡು ತಿಂಗಳು ಮುಂಚೆ ಸಾಲ ಕೇಳುವವನಿಗೂ ನಾಳೆ ಸಂಬಳ ಅಂತ ಸಾಲ ಕೇಳುವವನಿಗೂ ಸಿಗುವ ಬಡ್ಡಿಯೇ ಬೇರೆ. ತೆರಿಗೆ ಹಣಕ್ಕೆ ಬೇರೆ ಅಕೌಂಟ್ ಮಾಡಿದ್ದೇನೆ, ಹಣ ಬಂದ ದಿನವೇ ಅಲ್ಲಿಗೆ ತಳ್ಳುತ್ತೇನೆ. ಮನೆಗೆ ತಿಂಗಳಿಗೆ ಇಷ್ಟು ಅಂತ ಸಂಬಳ, ಅದಕ್ಕಿಂತ ಜಾಸ್ತಿ ಇಲ್ಲ. ಒಬ್ಬ ದೊಡ್ಡ ಪಾರ್ಟಿಗಾಗಿ ಹಳೇ ಗಿರಾಕಿಗಳ ಮಾಲು ತಡ ಮಾಡಬಾರದು ಅಂತಲೂ ಮಾಡಿಕೊಂಡಿದ್ದೇನೆ. ಇದು ಯಾವ ಶಾಸ್ತ್ರವೂ ಅಲ್ಲ, ನನ್ನ ಭಯ ಅಷ್ಟೇ.

ಬಿಟ್ಟುಹೋದ ಆರು ಜನರಲ್ಲಿ ಇಬ್ಬರು ವಾಪಸ್ ಬಂದರು. ಹೋದ ತಿಂಗಳು ದೊಡ್ಡ ಪಾರ್ಟಿಯವರೂ ಫೋನ್ ಮಾಡಿದರು, ಮತ್ತೆ ಪೂರ್ತಿ ಆರ್ಡರ್ ತೆಗೆದುಕೊಳ್ಳುತ್ತೀರಾ ಅಂತ. ಕ್ಯಾಲ್ಕುಲೇಟರ್ ತೆಗೆದುಕೊಂಡು ಗೋಡೆಯ ಮುಂದೆ ನಿಂತೆ. ಅರ್ಧ ಅಡ್ವಾನ್ಸ್, ಉಳಿದದ್ದು ಮಾಲು ಮುಟ್ಟಿದ ದಿನದಿಂದ 30 ದಿನಕ್ಕೆ ಅಂತ ಬರೆದು ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.