ಪಟ್ಟೆ ಮೀನಿನ ರಾಡು ಹರಿಹರದ ಹೊಳೆಗೆ ಬಂದ ಮೇಲೆ

ಮೊದಲೇ ಹೇಳಿಬಿಡ್ತೀನಿ. ಮೀನು ಹಿಡಿಯೋಕೆ ತರಿಸಿದ ಸೆಟ್ಟಿನ ರಾಡು ಚೆನ್ನಾಗಿದೆ. ದಾರ ಸುತ್ತೋ ರೀಲು ಪರವಾಗಿಲ್ಲ. ಜೊತೆಗೆ ಕೊಡೋ ದಾರ ನಮ್ಮ ಹೊಳೆಗೆ, ಅದೂ ಮಳೆಗಾಲ ಕಳೆದ ಮೇಲೆ, ಏನೇನೂ ಉಪಯೋಗಕ್ಕೆ ಬರಲ್ಲ. ಹಾಗಂತ ಬಿಸಾಕಬೇಡಿ, ಎತ್ತಿಡಿ.

ಈ ಹುಚ್ಚು ಹಿಡಿಸಿದ್ದು ನಮ್ಮ ಭಾವ. ಅಮೆರಿಕದ ಕನೆಕ್ಟಿಕಟ್‌ನಲ್ಲಿದ್ದಾರೆ. ಪ್ರತಿ ನವೆಂಬರ್‌ನಲ್ಲಿ ಒಂದು ಫೋಟೋ ಕಳಿಸ್ತಾರೆ: ಉಣ್ಣೆ ಟೋಪಿ, ಚಳಿಗೆ ಕೆಂಪಾದ ಮೂಗು, ಕೈಯಲ್ಲಿ ಸ್ಟ್ರೈಪ್ಡ್ ಬಾಸ್ ಅನ್ನೋ ಪಟ್ಟೆ ಮೀನು. ಮೈಮೇಲೆ ಏಳೆಂಟು ಕಪ್ಪು ಗೆರೆ, ಯಾರೋ ಸ್ಕೇಲ್ ಇಟ್ಟು ಎಳೆದ ಹಾಗೆ. ಅದು ಕಡಲಿನ ಮೀನು, ಮೊಟ್ಟೆ ಇಡೋಕೆ ಮಾತ್ರ ಬೇಸಿಗೆಗೆ ಮುಂಚೆ ನದಿ ಹತ್ತುತ್ತೆ. ಚಳಿ ಶುರುವಾದಾಗ ಹೆಚ್ಚಿನವು ದಕ್ಷಿಣದ ಕಡೆ ಹೊರಟು ಹೋಗ್ತವೆ, ಆದರೆ ಹೂಸಟೋನಿಕ್, ಥೇಮ್ಸ್ ಅಂತ ಅಲ್ಲಿರೋ ನದಿಗಳಲ್ಲಿ ಒಂದಷ್ಟು ಮೀನು ಚಳಿಗಾಲ ಪೂರ್ತಿ ಅಲ್ಲೇ ಉಳಿದುಬಿಡ್ತವೆ. (ಇಂಗ್ಲೆಂಡಿನ ಥೇಮ್ಸ್ ಅಲ್ಲ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.) ಭಾವ ಹಿಡಿಯೋದು ಅವನ್ನೇ, ಫ್ಲೈ ರಾಡಿನಲ್ಲಿ. ಫ್ಲೈ ಅಂದ್ರೆ ಕೊಕ್ಕೆಗೆ ಕೂದಲು ಕಟ್ಟಿ ಮಾಡಿದ ಹುಸಿ ಎರೆ.

ನಾನು ತರಿಸಿದ್ದು 9 ಅಡಿಯ 8 ನಂಬರ್ ಸೆಟ್. ನಾಲ್ಕು ತುಂಡಿನ ರಾಡು, ರೀಲು, ದಾರ, ಆರು ಫ್ಲೈ. ₹9,400 ಆಯ್ತು. ಡಬ್ಬಿ ಮೇಲೆ ಸ್ಟ್ರೈಪ್ಡ್ ಬಾಸ್ ಚಿತ್ರ ಬೇರೆ. ದಾವಣಗೆರೆಗೆ ಬರೋಕೆ ಒಂಬತ್ತು ದಿನ ಹಿಡೀತು.

ನಾವು ಚಿಕ್ಕವರಿದ್ದಾಗ ಹಾಕ್ತಿದ್ದ ಗಾಳಕ್ಕೆ ಸೀಸದ ಗುಂಡು ಕಟ್ತಿದ್ವಿ, ಆ ಗುಂಡಿನ ಭಾರಕ್ಕೆ ದಾರ ಹೋಗ್ತಿತ್ತು. ಇಲ್ಲಿ ಉಲ್ಟಾ. ಫ್ಲೈಗೆ ತೂಕವೇ ಇಲ್ಲ ಅನ್ನಬೇಕು, ದಪ್ಪ ದಾರವೇ ಅದನ್ನ ಹೊತ್ಕೊಂಡು ಹೋಗುತ್ತೆ. 8 ನಂಬರ್ ಅಂದ್ರೆ ದಾರದ ಮೊದಲ 30 ಅಡಿ 210 ಗ್ರೇನ್, ಅಂದಾಜು 13.6 ಗ್ರಾಂ. ಒಂದು ತೊಲಕ್ಕಿಂತ ಚೂರು ಜಾಸ್ತಿ, ಅಷ್ಟೇ. ಅಷ್ಟು ತೂಕವನ್ನ ಹಿಂದಕ್ಕೆ ಬೀಸಿ, ಅದು ಪೂರ್ತಿ ಬಿಚ್ಚಿಕೊಳ್ಳೋ ತನಕ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಕಾಯೋದೇ ಕಷ್ಟ. ಹೈಸ್ಕೂಲ್ ಮೈದಾನದಲ್ಲಿ ಬೆಳಗ್ಗೆ ಆರಕ್ಕೆ ಅಭ್ಯಾಸ ಮಾಡ್ತಿದ್ದೆ, ಕ್ರಿಕೆಟ್ ಆಡೋಕೆ ಬಂದ ಹುಡುಗನೊಬ್ಬ "ಅಂಕಲ್, ಕುದ್ರಿ ಎಲ್ಲೈತ್ರಿ?" ಅಂದ. ಚಾಟಿ ಅಂದುಕೊಂಡಿದ್ದ ಪಾಪ.

ಡಿಸೆಂಬರ್‌ನಲ್ಲಿ ಹರಿಹರಕ್ಕೆ ಹೋದೆ. ಸೂಳೆಕೆರೆ ಹಳ್ಳ ತುಂಗಭದ್ರೆಗೆ ಸೇರುತ್ತಲ್ಲ, ಅದರ ಕೆಳಗೆ. ನೀರು ಇಳಿದು ತಿಳಿಯಾಗಿತ್ತು, ಬಂಡೆಗಳೆಲ್ಲ ಮೇಲೆ ಎದ್ದಿದ್ದವು. ಈ ಹೊತ್ತಲ್ಲಿ ದೊಡ್ಡ ಮೀನು ಮಡು ಹಿಡಿದು ಕೂತಿರುತ್ತೆ, ಅದು ಗೊತ್ತಿತ್ತು. ಗೊತ್ತಿಲ್ಲದ್ದು ಏನಪ್ಪ ಅಂದ್ರೆ, ಸೆಟ್ ಜೊತೆ ಬಂದಿದ್ದು ತೇಲೋ ದಾರ. ಫ್ಲೈ ನಾಲ್ಕು ಅಡಿ ಇಳಿಯೋ ಅಷ್ಟರಲ್ಲಿ ಮೇಲಿನ ಸೆಳೆತಕ್ಕೆ ದಾರ ಬಿಲ್ಲಿನ ಹಾಗೆ ಬಾಗಿ, ಅದನ್ನ ವಾಪಸ್ ಮೇಲಕ್ಕೆ ಎಳ್ಕೊಂಡು ಬರ್ತಿತ್ತು. ಮೂರು ಭಾನುವಾರ, ಒಂದು ಜಿಲೇಬಿ ಮೀನೂ ಮುಟ್ಟಲಿಲ್ಲ. ಹರಿಗೋಲಿನಲ್ಲಿ ಬಲೆ ಬಿಡ್ತಿದ್ದ ಅಜ್ಜ ದಿನಾ ಕೇಳೋನು, "ಎರಿಹುಳ ಕೊಡ್ಲೇನೋ ತಮ್ಮಾ?"

ಭಾವನಿಗೆ ಫೋನ್ ಮಾಡಿದೆ. ನಕ್ಕರು. "ಚಳಿ ಬಿದ್ದ ಮೇಲೆ ಇಲ್ಲೂ ಮೀನು ತಳ ಬಿಟ್ಟು ಏಳಲ್ಲ ಕಣೋ. ಮುಳುಗೋ ದಾರ ಇಲ್ದೆ ಏನು ಮಾಡ್ತೀಯ, ಗಾಳಿಪಟ ಹಾರಿಸ್ತೀಯಾ?" ಅವರು ಬಳಸೋದು ಸೆಕೆಂಡಿಗೆ ಆರು ಇಂಚು ಇಳಿಯೋ ದಾರ. ಇಪ್ಪತ್ತು ಎಣಿಸಿದ್ರೆ ಹತ್ತು ಅಡಿ. ಅದರ ತುದಿಗೆ ಕಟ್ಟೋ ತಂಗೂಸಿ ನಾಲ್ಕು ಅಡಿ ದಾಟಬಾರದಂತೆ, ಉದ್ದ ಆದ್ರೆ ದಾರ ಕೆಳಗೆ, ಫ್ಲೈ ಮೇಲೆ ಆಗಿಬಿಡುತ್ತೆ. ಅಂದ್ರೆ ಸೀಸನ್ ಕೊನೆಯ ಮೀನಿನ ಚಿತ್ರ ಹಾಕಿ, ಸೀಸನ್ ಶುರುವಿನ ದಾರ ಕೊಟ್ಟಿದ್ದಾರೆ ಈ ಪುಣ್ಯಾತ್ಮರು.

ಸಂಕ್ರಾಂತಿಗೆ ಅಕ್ಕ ಬಂದಾಗ ಆ ದಾರ ತಂದ್ಲು. ಅದೇ ಜಾಗ, ಅದೇ ಮಡು. ಬೀಸಿದೆ, ಇಪ್ಪತ್ತು ಎಣಿಸಿದೆ, ಗೇಣು ಗೇಣಾಗಿ ನಿಧಾನ ಎಳೆದೆ. ಏಳನೇ ಸಲವೋ ಎಂಟನೇ ಸಲವೋ, ಬಟ್ಟೆ ಮುಳ್ಳಿಗೆ ಸಿಕ್ಕ ಹಾಗೆ ದಾರ ಸುಮ್ನೆ ನಿಂತುಬಿಡ್ತು. ಕಲ್ಲು ಅಂದುಕೊಂಡೆ. ಕಲ್ಲು ಪಕ್ಕಕ್ಕೆ ಹೊರಟಿತು. ಒಂದೂವರೆ ಮೊಳದ ಬಾಳೆ ಮೀನು. ಬಾಯಿ ತುಂಬ ಸಣ್ಣ ಹಲ್ಲು, ತಂಗೂಸಿ ಮರಳು ಕಾಗದದಲ್ಲಿ ಉಜ್ಜಿದ ಹಾಗೆ ಒರಟಾಗಿತ್ತು. ಇನ್ನೆರಡು ನಿಮಿಷ ಆಡಿದ್ರೆ ಹೋಗ್ತಿತ್ತು. ಈ ಜಾತಿ ಈಗ ಕಮ್ಮಿ ಆಗ್ತಿದೆ, ಬಿಟ್ಟುಬಿಟ್ಟೆ.

"ಹುಳಿ ಆಗ್ತಿತ್ತಲ್ಲೋ!" ಅಂತ ಅಜ್ಜ ಬೈದ. ಅಮೆರಿಕದಲ್ಲಿ ಭಾವ ಇರೋ ಕಡೆ ಕಡಲಲ್ಲಿ ಹಿಡಿದ ಪಟ್ಟೆ ಮೀನು 28ರಿಂದ 31 ಇಂಚಿನ ಒಳಗಿದ್ರೆ ಮಾತ್ರ ಮನೆಗೆ ಒಯ್ಯಬಹುದು, ಅದೂ ದಿನಕ್ಕೆ ಒಂದೇ ಅಂದೆ. "ಸ್ಕೇಲ್ ಇಟ್ಕಂಡು ಮೀನ್ ಹಿಡೀತಾರಾ?" ಅಂತ ಹರಿಗೋಲು ತಿರುಗಿಸಿಕೊಂಡು ಹೋದ.

ರಾಡಿನ ಬಗ್ಗೆ ದೂರಿಲ್ಲ. ಮಧ್ಯಾಹ್ನ ಹೊಳೆ ಮೇಲೆ ಗಾಳಿ ಎದ್ದಾಗಲೂ 50 ಅಡಿ ಆರಾಮಾಗಿ ಹೋಗುತ್ತೆ. ಎರಡನೇ ತಿಂಗಳಿಗೆ ದಾರ ಹಾಯೋ ಒಂದು ರಿಂಗಿನ ಒಳಗಿನ ಪಿಂಗಾಣಿ ಬಳೆ ಉದುರಿತು, ಮಾರಿದವರಿಗೆ ಮೂರು ಸಲ ಬರೆದೆ, ಉತ್ತರ ಇಲ್ಲ. ನಾನೇ ಅಂಟು ಹಾಕಿದೆ. ರೀಲಿಗೆ ಮರಳು ಹೊಕ್ಕರೆ ಹಿಟ್ಟಿನ ಗಿರಣಿ ಶಬ್ದ ಮಾಡುತ್ತೆ, ಬಿಚ್ಚಿ ತೊಳೀರಿ. ಆರು ಫ್ಲೈಗಳಲ್ಲಿ ಕ್ಲೌಸರ್ ಮಿನ್ನೋ ಒಂದೇ ಕೆಲಸದ್ದು. ಹೆಸರಿಗೆ ನೊಣ, ನೋಡೋಕೆ ಮರಿ ಮೀನು: ಜಿಂಕೆ ಬಾಲದ ಕೂದಲು, ಎರಡು ಭಾರದ ಕಣ್ಣು. ಆ ಕಣ್ಣಿನ ಭಾರಕ್ಕೆ ಕೊಕ್ಕೆ ಮೇಲ್ಮುಖ ಆಗಿ ಹೋಗುತ್ತೆ, ಕಲ್ಲಿಗೆ ಸಿಕ್ಕೋದು ಕಮ್ಮಿ. ಈಗ ಆಡಿನ ಬಾಲದ ಕೂದಲಲ್ಲಿ ನಾನೇ ಕಟ್ತೀನಿ, ಮಟನ್ ಅಂಗಡಿಯವರು ಪುಕ್ಕಟೆ ಕೊಡ್ತಾರೆ.

ಕಾಟ್ಲಾ, ರೋಹು ಹಿಡಿಯೋ ಆಸೆಗೆ ಇದನ್ನ ತಗೋಬೇಡಿ, ಅವು ಇದರ ಕಡೆ ತಿರುಗಿಯೂ ನೋಡಲ್ಲ. ಕೊರವ ನೋಡುತ್ತೆ. ಅದು ಉಸಿರಿಗೆ ಅಂತ ಮೇಲೆ ಬರೋ ಮೀನು, ಕೆರೆ ಅಂಚಿನ ಜೊಂಡಿನಲ್ಲಿ ಇರುತ್ತೆ. ಎತ್ತಿಡಿ ಅಂದಿದ್ದ ತೇಲೋ ದಾರ ಬೇಕಾಗೋದು ಅಲ್ಲೇ. ಆದರೆ ಕೆರೆ ಗುತ್ತಿಗೆಗೆ ಹೋಗಿದ್ರೆ ಗುತ್ತಿಗೆದಾರರನ್ನ ಕೇಳದೆ ಇಳಿಯಬೇಡಿ, ನನಗೆ ಒಂದು ಸಲ ಆಗಿದೆ.

ಈ ಸೆಟ್ಟಿಗೆ ಈಗ ₹10,200 ಮಾಡಿದ್ದಾರೆ. ಬರೀ ರಾಡು ಕೊಡ್ತಾರಾ ಕೇಳಿ, ಕೊಟ್ಟರೆ ಅದನ್ನಷ್ಟೇ ತಗೊಂಡು ಮಿಕ್ಕ ದುಡ್ಡು ಮುಳುಗೋ ದಾರಕ್ಕೆ ಇಡಿ.